ಓರಗಿತ್ತಿಯರ ಗ್ರಾಫಿಕ್ಸ್ ಕಾರ್ಡು

ಪಾತ್ರೆ ಅಂಗಡಿಯಲ್ಲಿ ಹಿತ್ತಾಳೆ ಹಂಡೆಯನ್ನು ಬೆರಳಿನಿಂದ ತಟ್ಟಿ ನೋಡಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮದುವೆ ಮಂಟಪದಲ್ಲಿ, ನೆಂಟರಿಷ್ಟರ ಕಣ್ಣೆದುರು, ಓರಗಿತ್ತಿ ತಂದ ಹಂಡೆಯನ್ನು ತಟ್ಟುವುದು ಬೇರೆ. ಚೆಲ್ಲಮ್ಮ ತಟ್ಟಿದ್ದಳು. ಉಂಗುರದ ಬೆರಳನ್ನು ಮಡಿಸಿ, ತೆಂಗಿನಕಾಯಿ ಕೊಳ್ಳುವವರ ಹಾಗೆ ಕಿವಿ ವಾಲಿಸಿ, ಎರಡು ಸಲ ತಟ್ಟಿ, "ಸದ್ದು ತೆಳ್ಳಗೈತೆ" ಅಂದಿದ್ದಳು. ಅಷ್ಟೇ. ಅದರಲ್ಲಿ ಹಗೆ ಕೂಡ ಇರಲಿಲ್ಲ. ಹಗೆ ಇದ್ದಿದ್ದರೆ ಸಿದ್ದಲಕ್ಷ್ಮಮ್ಮ ಅಲ್ಲೇ ಎರಡು ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದಳು.

ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಆ ಮಾತು ತಮಿಳು ಸೀಮೆಯ ಕಂಬೈನಲ್ಲೂರಿನ ಸುತ್ತಮುತ್ತ, ಕನ್ನಡ ಆಡುವ ಮನೆಗಳಲ್ಲೆಲ್ಲ ಗಾದೆಯಾಗಿ ಹೋಯಿತು. ಮೊಸರು ನೀರಾಗಿದ್ದರೆ "ಸದ್ದು ತೆಳ್ಳಗೈತೆ". ಹೊಸ ಮೇಷ್ಟರ ಪಾಠ ಹೇಗಿದೆ ಎಂದರೆ "ಸದ್ದು ತೆಳ್ಳಗೈತೆ". ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಪಂಚಾಯ್ತಿ ಚುನಾವಣೆಯ ಉಮೇದುವಾರನ ಬಗ್ಗೆ ಯಾರೋ ಹಾಗಂದು ನಕ್ಕಾಗ, ಸಿದ್ದಲಕ್ಷ್ಮಮ್ಮ ಸೀಮೆಎಣ್ಣೆ ಡಬ್ಬ ಹಿಡಿದುಕೊಂಡು ಅವರ ಹಿಂದೆಯೇ ನಿಂತಿದ್ದಳು. ಅವರಿಗೆ ಆ ಮಾತಿನ ಮೂಲ ಗೊತ್ತಿರಲಿಲ್ಲ. ಮೂಲ ತಿಳಿಯದವರ ಬಾಯಲ್ಲೂ ಅವಳ ಹಂಡೆ ಬಾಳುತ್ತಿತ್ತು.

ಹಂಡೆ ಹೋಗಿದ್ದು ನಾದಿನಿಯ ದೊಡ್ಡ ಮಗಳ ಮದುವೆಗೆ. ಆ ಕಡೆ ಸೋದರಮಾವಂದಿರು ತಟ್ಟೆಗಳಲ್ಲಿಟ್ಟು ಮೆರವಣಿಗೆಯಲ್ಲಿ ಹೊತ್ತು ತರುವ ಉಡುಗೊರೆಗೆ ಸೀರು ಅನ್ನುತ್ತಾರೆ. ತಂದರೆ ಸಾಲದು; ಯಾರು ಏನು ತಂದರು ಅಂತ ಮೈಕಿನಲ್ಲಿ ಕೂಗಬೇಕು. ನಾದಿನಿಗೆ ಇಬ್ಬರು ಅಣ್ಣಂದಿರು. ದೊಡ್ಡವನು ಹನುಮಂತರಾಯಪ್ಪ ಸೇಲಂ ಸೇರಿ ಸಬ್ಬಕ್ಕಿ ಮಿಲ್ಲು ಇಟ್ಟವನು, ಚೆಲ್ಲಮ್ಮನ ಗಂಡ. ಚಿಕ್ಕವನು ನಂಜಪ್ಪ ಊರಲ್ಲೇ ಉಳಿದು ಮರಗೆಣಸು ಬೆಳೆದು, ಅದನ್ನು ಅಣ್ಣನ ಮಿಲ್ಲಿನ ತಕ್ಕಡಿಗೆ ಹಾಕುವವನು, ಸಿದ್ದಲಕ್ಷ್ಮಮ್ಮನ ಗಂಡ. ಅಣ್ಣ ತಮ್ಮಂದಿರ ನಡುವೆ ಜಗಳವಿರಲಿಲ್ಲ. ಜಗಳ ಮಾಡಲು ಇಬ್ಬರೂ ಸಮಸಮ ಇರಬೇಕಾಗುತ್ತದೆ.

ಈಗ ನಾದಿನಿಯ ಚಿಕ್ಕ ಮಗಳು ವಾಣಿಯ ಮದುವೆ ಬಂದಿತ್ತು. ತೊಂಬತ್ತೊಂಬತ್ತರಲ್ಲಿ, ತಮಿಳರ ಆವಣಿ ತಿಂಗಳಲ್ಲಿ ಮುಹೂರ್ತ, ಹರೂರಿನಲ್ಲೇ ಮಂಟಪ, ಹುಡುಗ ಅಶ್ವತ್ಥ್, ಮೆಟ್ಟೂರಿನ ಕರೆಂಟು ತಯಾರಿಸುವ ಕಡೆ ಕೆಲಸ. ವಾಣಿ ಡಿಪ್ಲೊಮಾ ಮುಗಿಸಿ, ಹರೂರು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮನೆಯ ಮುಂಕೋಣೆಗೆ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದಿಟ್ಟುಕೊಂಡಿದ್ದಳು. ಕಿವಿ ಚುಚ್ಚುವ ಪತ್ರಿಕೆಯಿಂದ ಹಿಡಿದು ಸತ್ತವರ ಕಣ್ಣೀರಂಜಲಿ ಪೋಸ್ಟರಿನವರೆಗೆ ಅವಳದೇ ಕೈಚಳಕ. ಮದುವೆಯಾದ ಮೇಲೂ ಮೆಟ್ಟೂರಿನಲ್ಲಿ ಇದನ್ನೇ ಮುಂದುವರಿಸುವುದು ಅಂತ ಹುಡುಗನ ಹತ್ತಿರ ಮೊದಲೇ ಮಾತಾಗಿತ್ತು.

ಆದ್ದರಿಂದ ವಾಣಿ ಕಡ್ಡಿ ಮುರಿದ ಹಾಗೆ ಹೇಳಿದಳು: ತನಗೆ ಹಂಡೆ ಬೇಡ, ಎತ್ತರದ ಕುತ್ತುದೀಪ ಬೇಡ, ಬೀರು ಬೇಡ. ಮಾವಂದಿರು ಕೊಡುವುದೇ ಆದರೆ ಒಂದು ಗ್ರಾಫಿಕ್ಸ್ ಕಾರ್ಡ್ ಕೊಡಲಿ. ಕಂಪ್ಯೂಟರ್ ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಪರದೆಗೆ ಬರೆದು ತೋರಿಸುವ ಹಲಗೆ ಅದು. ಇದ್ದದ್ದಕ್ಕೆ ವಯಸ್ಸಾಗಿತ್ತು. ಪರದೆ ನಡುಗುತ್ತಿತ್ತು, ಬಣ್ಣಗಳು ಸಾಲುತ್ತಿರಲಿಲ್ಲ, ಪತ್ರಿಕೆಯ ತಲೆಯ ಮೇಲೆ ಮುರುಗನನ್ನು ಕೂರಿಸಿದರೆ ಸ್ವಾಮಿಯ ಕೆನ್ನೆಯ ಮೇಲೆ ಚಿಬ್ಬು ಎದ್ದಂತೆ ಕಾಣುತ್ತಿತ್ತು.

ಸಿದ್ದಲಕ್ಷ್ಮಮ್ಮನಿಗೆ ಇದು ದೇವರೇ ತೋರಿಸಿದ ದಾರಿ ಅನ್ನಿಸಿತು. ತಟ್ಟಿದರೆ ಸದ್ದು ಮಾಡದ ಸೀರು ಲೋಕದಲ್ಲಿ ಒಂದು ಇದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಕಾರ್ಡು ನಮ್ಮದು ಅಂದಳು. ಸುದ್ದಿ ಫೋನಿನಲ್ಲಿ ಸೇಲಂ ತಲುಪಿ, ಕಾರ್ಡು ನಮ್ಮದು ಅಂತ ಅಲ್ಲಿಂದಲೂ ಬಂತು. ಇಂಥ ಸಾಮಾನೆಲ್ಲ ಪಟ್ಟಣದವರಿಗೆ ತಾನೇ ಗೊತ್ತಾಗುವುದು, ಪಾಪ ಅವಳೆಲ್ಲಿ ಹುಡುಕಿಕೊಂಡು ಹೋಗುತ್ತಾಳೆ ಅಂತ ಚೆಲ್ಲಮ್ಮ ಅಂದಳಂತೆ. ನಾದಿನಿ ಜಾಣೆ. ಇಬ್ಬರು ಅತ್ತಿಗೆಯರ ನಡುವೆ ನ್ಯಾಯ ಹೇಳುವುದಕ್ಕಿಂತ ಎರಡು ಕಾರ್ಡು ಇಸಿದುಕೊಳ್ಳುವುದು ಸುಲಭ ಅಂದುಕೊಂಡು, ಇಬ್ಬರೂ ತನ್ನಿ ಅಂದುಬಿಟ್ಟಳು.

ಬೇಸಾಯದ ಮನೆಯಲ್ಲಿ ಒಂದು ನಿಯಮವಿದೆ. ಬಿಡಿಭಾಗದ ಅಂಗಡಿಗೆ ಹಳೆಯದನ್ನು ಕೈಯಲ್ಲಿ ಹಿಡಿಯದೆ ಹೋಗಬಾರದು. ಪಂಪ್‌ಸೆಟ್ಟಿನ ವಾಷರ್ ಇರಲಿ, ಸೈಕಲ್ಲಿನ ಚೈನು ಇರಲಿ, ಅಂಗಡಿಯವನ ಮುಂದೆ ಹಳೆಯದನ್ನು ಇಟ್ಟು "ಇದ್ರಂಗೆ ಕೊಡು" ಅನ್ನಬೇಕು. ಅಳತೆ ಹೇಳಿ ತಂದ ವಾಷರಿನಿಂದ ಒಂದು ಬೇಸಿಗೆಯ ನೀರು ಹೋದ ಕಥೆ ಪ್ರತಿ ಮನೆಯಲ್ಲೂ ಇರುತ್ತದೆ. ಸಿದ್ದಲಕ್ಷ್ಮಮ್ಮ ಹರೂರಿಗೆ ಹೋಗಿ, ಹಳೇ ಕಾರ್ಡು ಬಿಚ್ಚಿಕೊಡು ಅಂದಳು. ಒಂದು ದಿನ ಕೆಲಸ ನಿಲ್ಲುತ್ತದಲ್ಲ ಚಿಕ್ಕತ್ತೆ ಅಂತ ವಾಣಿ ಗೊಣಗಿದರೂ ಬಿಚ್ಚಿಕೊಟ್ಟಳು. ಅದನ್ನು ಪೇಪರಿನಲ್ಲಿ ಸುತ್ತಿ ಹಳದಿ ಬಟ್ಟೆಯ ಚೀಲಕ್ಕೆ ಹಾಕಿಕೊಂಡು, ಗಂಡನನ್ನೂ ಜೊತೆಗೆ ಹಾಕಿಕೊಂಡು ಅವಳು ಸೇಲಮ್ಮಿನ ಬಸ್ಸು ಹತ್ತಿದಳು.

ಅಂಜು ರೋಡಿನ ಹತ್ತಿರದ ಆ ಅಂಗಡಿಯ ಯಜಮಾನ ಗುರುಚರಣ್, ಮನೆಯಲ್ಲಿ ಕನ್ನಡ ಆಡುವ ಸೇಲಮ್ಮಿನ ಹಳೇ ಕುಟುಂಬದವನು. ಗಂಡ ಹೆಂಡತಿ ಬಾಗಿಲಲ್ಲಿ ಚಪ್ಪಲಿ ಬಿಡುವುದೋ ಬೇಡವೋ ಅಂತ ಪಿಸುಗುಟ್ಟಿದ್ದು ಕೇಳಿ, "ಹಾಕ್ಕೊಂಡೇ ಬನ್ನಿ" ಅಂದ. ಅವನ ಕನ್ನಡಕ್ಕೆ ಅಡುಗೆಮನೆ, ಪೂಜೆ, ಮಡಿ ಎಲ್ಲ ಬರುತ್ತಿತ್ತು. ಲೆಕ್ಕ ಮಾತ್ರ ತಮಿಳಿನಲ್ಲಿ, ಕಂಪ್ಯೂಟರ್ ಇಂಗ್ಲಿಷಿನಲ್ಲಿ. ನಂಜಪ್ಪ ಸ್ಟೂಲಿನ ಮೇಲೆ ಕೂತು, ಏಸಿಯ ತಂಪಿಗೆ ಕಣ್ಣು ಮುಚ್ಚಿದ. ಸಿದ್ದಲಕ್ಷ್ಮಮ್ಮ ಕೌಂಟರಿಗೆ ಎದೆಯೊಡ್ಡಿ ನಿಂತಳು.

ಈಗ ಅಂಗಡಿಯಲ್ಲಿರುವುದು ಎರಡೇ ಬಗೆ ಅಂತ ಅವನು ಎರಡು ಪೆಟ್ಟಿಗೆ ತೆಗೆದಿಟ್ಟ. ದೊಡ್ಡದರ ಮೇಲೆ ಬೆಂಕಿ ಉಗುಳುವ ಪ್ರಾಣಿಯ ಚಿತ್ರ, ಒಳಗಿನ ಹಲಗೆಯ ಮೇಲೆ ಪುಟ್ಟ ಫ್ಯಾನು. ಚಿಕ್ಕದರ ಪೆಟ್ಟಿಗೆ ಬಿಳಿ, ಚಿತ್ರವಿಲ್ಲ, ಫ್ಯಾನಿಲ್ಲ. ದೊಡ್ಡದಕ್ಕೆ ಎಂಟು ಎಂಬಿ, ಚಿಕ್ಕದಕ್ಕೆ ನಾಲ್ಕು ಎಂಬಿ ಅಂದ.

"ಎಂಬಿ ಅಂದ್ರೆ ತೂಕವಾ ಸಾರ್?"

ತೂಕವಲ್ಲ, ನೆನಪು, ಚಿತ್ರವನ್ನು ಹರಡಿಕೊಳ್ಳಲು ಕಾರ್ಡಿನೊಳಗೆ ಇರುವ ಜಾಗ ಅಂತ ಅವನು ವಿವರಿಸಿದ. ಅವಳು ಸ್ವಲ್ಪ ಯೋಚಿಸಿ, ಅಂದರೆ ಕಣ ಇದ್ದಂಗೆ ಅಂದಳು. ಕಣ ನೋಡಿರದ ಗುರುಚರಣ್ ಹೌದು ಅಂದುಬಿಟ್ಟ. ಹಾಗಾದರೆ ಒಂದು ಗಾಡಿ ರಾಗಿ ಬಡಿಯುವವಳಿಗೆ ಎಷ್ಟು ಕಣ ಬೇಕು ಅಂತ ಅವಳು ಕೇಳಿದಳು. ಅವನು ನಕ್ಕ. ಅಕ್ಷರ ಜೋಡಿಸುವುದಕ್ಕೂ ಫೋಟೋ ಇಡುವುದಕ್ಕೂ ನಾಲ್ಕು ಧಾರಾಳ. ನಿಜವಾದ ಬಣ್ಣ ಪೂರ್ತಿ ಕಾಣುತ್ತೆ, ಪರದೆ ನಡುಗುವುದಿಲ್ಲ. ಮಿಕ್ಕ ನಾಲ್ಕು ಹೋಗುವುದು ಆಟಕ್ಕೆ. ಪರದೆಯ ಒಳಗೆ ಕಾರು ಓಡಿಸುತ್ತಾರಲ್ಲ, ಆಳ ಅಗಲ ಎಲ್ಲ ಕಾಣುವ ಹಾಗೆ, ತ್ರೀಡಿ ಅಂತ. ಅದಕ್ಕೆ ದೊಡ್ಡದು.

"ಮದ್ವೆ ಎಣ್ಣು ಕಾರೋಡಿಸ್ತಾಳಾ," ಅಂದಳು ಸಿದ್ದಲಕ್ಷ್ಮಮ್ಮ. ಆದರೂ ಅವಳ ಕೈ ದೊಡ್ಡ ಪೆಟ್ಟಿಗೆಯ ಮೇಲೇ ಇತ್ತು. ಮೈಕಿನಲ್ಲಿ ಕೂಗುವವನಿಗೆ ಆಟ, ಅಕ್ಷರ ಎಲ್ಲ ಒಂದೇ. ಎಂಟು ಅಂದರೆ ಎಂಟು. ಇದನ್ನು ಯಾರು ಕೊಳ್ಳುತ್ತಾರೆ ಸಾರ್ ಅಂತ ಸುಮ್ಮನೆ ಕೇಳಿದಳು.

ಈ ವಾರವೇ ನಮ್ಮ ಭಾಷೆಯವರೇ ಒಬ್ಬರು ಒಯ್ದರು ಅಂದ ಗುರುಚರಣ್. ಸಬ್ಬಕ್ಕಿ ಮಿಲ್ಲಿನವರ ಮನೆಯಾಕೆ. ಹರೂರಿನಲ್ಲಿ ಮದುವೆಯಂತೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಇರುವುದರಲ್ಲಿ ದೊಡ್ಡದು ಯಾವುದು. ಕಾರಿನಿಂದ ಇಳಿದದ್ದೂ ಹತ್ತಿದ್ದೂ ಗೊತ್ತಾಗಲಿಲ್ಲ.

ಸಿದ್ದಲಕ್ಷ್ಮಮ್ಮನ ಕೈ ಪೆಟ್ಟಿಗೆಯಿಂದ ಜಾರಿತು. ಅದೇ ತಂದರೆ ಸಮ, ಚಿಕ್ಕದು ತಂದರೆ ಸೋಲು. ಅದಕ್ಕಿಂತ ದೊಡ್ಡದು ಉಂಟಾ ಅಂತ ಕೇಳಿದಳು. ಇದೆ, ಆದರೆ ಮದರಾಸಿನಿಂದ ತರಿಸಬೇಕು, ಬರುವಷ್ಟರಲ್ಲಿ ಮದುಮಗಳು ಬಾಣಂತಿಯಾಗಿರುತ್ತಾಳೆ ಅಂದ ಅವನು. ಸೋತು, ಚೀಲಕ್ಕೆ ಕೈಹಾಕಿ, ಪೇಪರಿನ ಸುರುಳಿ ಬಿಚ್ಚಿ ಹಳೇ ಕಾರ್ಡನ್ನು ಕೌಂಟರಿನ ಮೇಲಿಟ್ಟಳು. "ಇದ್ರಂಗೆ ಕೊಡಿ."

ಗುರುಚರಣ್ ಅದನ್ನು ಎತ್ತಿ ನೋಡಿದ. ಬೆಂಕಿ ಉಗುಳುವ ಪ್ರಾಣಿಯ ಕಾರ್ಡಿನ ಪಕ್ಕಕ್ಕೆ ಹಿಡಿದ. ಬಿಳಿ ಪೆಟ್ಟಿಗೆಯದರ ಪಕ್ಕಕ್ಕೆ ಹಿಡಿದ. ಅವನ ಮುಖದಲ್ಲಿ ಏನೋ ಕಳೆದುಕೊಂಡವನ ಚಿಂತೆ ಬಂತು. ಕಾರ್ಡಿನ ಕೆಳಗೆ ಚಿನ್ನದ ಬಣ್ಣದ ಹಲ್ಲುಗಳ ಸಾಲು ಇರುತ್ತದೆ. ಅದು ಮಶೀನಿನ ಒಳಗಿನ ಸೀಳಿಗೆ ಕೂರಬೇಕು. ಹಳೆಯದರ ಹಲ್ಲೂ ಚಿಕ್ಕದರ ಹಲ್ಲೂ ಅಚ್ಚು ಒಂದೇ. ದೊಡ್ಡದರ ಹಲ್ಲು ಬೇರೆ ಕಡೆ ಇತ್ತು, ಬೇರೆ ಥರ ಇತ್ತು. ಅದಕ್ಕೆ ಬೇಕಾದ್ದು ಹೊಸ ಕಾಲದ ಸೀಳು. ಈ ಹಳೇ ಕಾರ್ಡು ಬಂದ ಮಶೀನು ತೀರ ಹಳೆಯದು, ಅದರಲ್ಲಿ ಆ ಸೀಳು ಇರುವುದಿಲ್ಲ.

ಮಿಲ್ಲಿನವರ ಮನೆ, ಹೊಸ ಮಶೀನೇ ಇರುತ್ತೆ ಅಂದುಕೊಂಡೆ, ಕೇಳಲೇ ಇಲ್ಲ, ತಪ್ಪು ನನ್ನದು ಅಂತ ಗುರುಚರಣ್ ಗಲ್ಲ ಕೆರೆದುಕೊಂಡ. ವಾಪಸು ತಂದರೆ ಬದಲಿಸಿ ಕೊಡುತ್ತೇನೆ, ಈಗಲೇ ಅವರಿಗೆ ಒಂದು ಫೋನ್ ಹಾಕಿಬಿಡುತ್ತೇನೆ ಅಂತ ರಿಸೀವರ್ ಎತ್ತಿದ.

ಸಿದ್ದಲಕ್ಷ್ಮಮ್ಮ ಕೌಂಟರಿನಾಚೆ ಕೈ ಚಾಚಿ ಫೋನಿನ ಮೇಲೆ ಅಂಗೈ ಇಟ್ಟಳು. ಮೃದುವಾಗಿ, ನಿದ್ದೆ ಬಂದ ಮಗುವಿನ ತಲೆಯ ಮೇಲೆ ಇಡುವ ಹಾಗೆ.

"ನೀವ್ ಯಾಕೆ ಸಾರ್ ಕಾಸು ಕಳೀತೀರ. ನಮ್ಮಕ್ಕ ತಾನೆ. ನಾನೇ ಏಳ್ತೀನಿ."

ಚಿಕ್ಕದನ್ನು ಕಟ್ಟಿಸಿಕೊಂಡು, ಹಳೆಯದನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೊರಟಳು. ಬಸ್ಸು ದಾಟುತ್ತಿದ್ದ ಊರುಗಳೆಲ್ಲ ಅವತ್ತು ಅವಳಿಗೆ ಚಂದ ಕಂಡವು. ಕಿಟಕಿ ಗಾಳಿಗೆ ಎಚ್ಚರವಾದ ನಂಜಪ್ಪ, ಅರ್ಧ ನಿದ್ದೆಯಲ್ಲಿ ಕೇಳಿಸಿಕೊಂಡದ್ದನ್ನೆಲ್ಲ ಜೋಡಿಸಿಕೊಂಡು, ಅತ್ತಿಗೆಗೆ ಹೇಳಬೇಕಲ್ಲ ಅಂದ. "ಏಳಾನ," ಅಂದಳು. ಸಂಸಾರ ಮಾಡಿದ ಇಷ್ಟು ವರ್ಷದಲ್ಲಿ ಅವಳು ಏಳಾನ, ಮಾಡಾನ, ನೋಡಾನ ಅಂದ ಯಾವ ಕೆಲಸವೂ ಆಗಿದ್ದಿಲ್ಲ ಅಂತ ನಂಜಪ್ಪನಿಗೆ ಗೊತ್ತಿತ್ತು. ಅವನು ಮತ್ತೆ ಕಣ್ಣು ಮುಚ್ಚಿದ. ಅಣ್ಣನ ತಕ್ಕಡಿಯೆದುರು ತಲೆ ಬಗ್ಗಿಸಿ ನಿಂತದ್ದು ಅವನ ಮನಸ್ಸಿಗೂ ಒಮ್ಮೆ ಬಂದು ಹೋಗಿರಬೇಕು.

ಆದರೆ ಸುಮ್ಮನೆ ಇರುವುದರಿಂದ ಮಾತ್ರ ಸೇಡು ಪೂರ್ತಿಯಾಗುವುದಿಲ್ಲ. ಸೀರಿನ ಪೆಟ್ಟಿಗೆಗಳನ್ನು ಮಂಟಪದಲ್ಲಿ ಯಾರು ಬಿಚ್ಚುತ್ತಾರೆ? ಎಂಟು ಅಂತ ಕೂಗುತ್ತಾರೆ, ನಾಲ್ಕು ಅಂತ ಕೂಗುತ್ತಾರೆ, ಊಟ ಮಾಡಿ ಹೋಗುತ್ತಾರೆ. ಕೂರದ ಕಾರ್ಡಿನ ಸಂಗತಿ ತಿಳಿಯುವುದು ಮೆಟ್ಟೂರಿನ ಯಾವುದೋ ಕ್ವಾರ್ಟರ್ಸಿನಲ್ಲಿ, ನೋಡುವವರಿಲ್ಲದೆ. ಅವಳು ನಾದಿನಿಯ ಕಿವಿಯಲ್ಲಿ ಒಂದು ಮಾತು ಹಾಕಿದಳು. ಮಂಟಪದ ಬಾಗಿಲಿಗೆ ಥರ್ಮಾಕೋಲಿನ ಅಕ್ಷರ ಅಂಟಿಸುವುದು ಈಗ ಟೀ ಅಂಗಡಿಯವರೂ ಮಾಡುತ್ತಾರೆ. ನಮ್ಮ ಹುಡುಗಿಯ ಕಂಪ್ಯೂಟರನ್ನೇ ಅಲ್ಲಿಟ್ಟು, ಗಂಡು ಹೆಣ್ಣಿನ ಹೆಸರು ಪರದೆಯ ಮೇಲೆ ಬಣ್ಣಬಣ್ಣವಾಗಿ ತಿರುಗಿದರೆ ಮೆಟ್ಟೂರಿನವರು ಬಾಯಿ ಬಿಡಬೇಕು. ನಾದಿನಿಗೆ ಹಿಡಿಸಿತು. ವಾಣಿಗೂ ಹಿಡಿಸಿತು. ಅದು ಅವಳ ಅಂಗಡಿಗೆ ಜಾಹೀರಾತೂ ಆಗುತ್ತಿತ್ತು.

ಮದುವೆಯ ಹಿಂದಿನ ಸಂಜೆ, ಗಂಡಿನ ಕಡೆಯವರು ಬಂದಿಳಿದ ಮೇಲೆ, ಸೀರಿನ ಮೆರವಣಿಗೆ ಬಂತು. ಚೆಲ್ಲಮ್ಮನ ಕಾರ್ಡು ಬೆಳ್ಳಿ ತಟ್ಟೆಯಲ್ಲಿ, ಅರಿಸಿನ ಕುಂಕುಮ, ತೆಂಗಿನಕಾಯಿ, ಸೇಬಿನ ನಡುವೆ, ಬೆಂಕಿ ಉಗುಳುವ ಪ್ರಾಣಿ ಎದುರಿಗೆ ಕಾಣುವ ಹಾಗೆ ನಿಂತಿತ್ತು. ಯಾರೋ ಭಕ್ತಿಯಿಂದ ಪ್ರಾಣಿಯ ಹಣೆಗೂ ಕುಂಕುಮ ಇಟ್ಟಿದ್ದರು. ಸಿದ್ದಲಕ್ಷ್ಮಮ್ಮನ ಬಿಳಿ ಪೆಟ್ಟಿಗೆ ಹಿತ್ತಾಳೆ ತಟ್ಟೆಯಲ್ಲಿ ಬಾಳೆಹಣ್ಣಿಗೆ ಒರಗಿಕೊಂಡಿತ್ತು. ಮೈಕಿನ ಅಣ್ಣಾಮಲೈ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಅವನಿಗೆ ಹಂಡೆ, ಕೊಡ, ತಂಬಿಗೆ ಕೂಗಿ ಅಭ್ಯಾಸ. "ಪೆರಿಯ ತಾಯ್‌ಮಾಮನ್ ಸೀರು, ಕಂಪ್ಯೂಟರ್ ಕಾರ್ಡು ಒಣ್ಣು, ಎಟ್ಟು ಎಂಬಿ," ಅಂತ ದೊಡ್ಡ ಸೋದರಮಾವನದನ್ನು ಮೊದಲು ಕೂಗಿದ. ಮಂಟಪದಲ್ಲಿ ಒಂದು ಗುನುಗು ಎದ್ದಿತು. ಎಂಬಿ ಅಂದರೆ ಏನೆಂದು ಗೊತ್ತಿಲ್ಲದವರಿಗೂ ಅದು ಎಂಟು ಇದೆ ಎಂದು ತಿಳಿಯಿತು. "ಚಿನ್ನ ತಾಯ್‌ಮಾಮನ್ ಸೀರು, ಅದೇ ಕಾರ್ಡು, ನಾಲು ಎಂಬಿ," ಅಂತ ಚಿಕ್ಕ ಸೋದರಮಾವನದು ಬಂದಾಗ ಗುನುಗು ಇರಲಿಲ್ಲ. ಎರಡನೇ ಸಾಲಿನಲ್ಲಿ ಯಾರೋ ಮುದುಕ, ಅರ್ಧ ತಂದವ್ರೆ ಅಂದ.

ಚೆಲ್ಲಮ್ಮ ತಿರುಗಿ ಓರಗಿತ್ತಿಯ ಮೊಣಕೈ ಮುಟ್ಟಿದಳು. "ಓಗ್ಲಿ ಬಿಡು ಸಿದ್ದು. ನಿನ್ ಕೈಲಿ ಆಗಾದು ನೀನ್ ಮಾಡ್ದೆ."

ಆ ಕರುಣೆಯನ್ನು ಸಿದ್ದಲಕ್ಷ್ಮಮ್ಮ ವೀಳ್ಯದಂತೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಅಂದಳು: "ಅಕ್ಕ ತಂದಿರೋದು ದೊಡ್ಡದು. ಅದನ್ನೇ ಮೊದ್ಲು ಆಕಿ ತೋರ್ಸಮ್ಮ ವಾಣಿ. ಮೆಟ್ಟೂರಿನೋರೂ ನೋಡ್ಲಿ."

ಯಾರು ಬೇಡ ಅನ್ನುತ್ತಾರೆ? ಗಂಡಿನ ಕಡೆಯವರು ಕುರ್ಚಿ ತಿರುಗಿಸಿಕೊಂಡು ಕೂತರು. ಮದುಮಗಳು ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋರಂಟಿ ಹಚ್ಚಿದ ಕೈಯಲ್ಲಿ ಸ್ಕ್ರೂ ಡ್ರೈವರ್ ಹಿಡಿದು, ಮಶೀನಿನ ಮಗ್ಗುಲು ಬಿಚ್ಚಿದಳು. ಹಳೇ ಕಾರ್ಡು ಈಚೆ ಬಂತು. ಬೆಂಕಿ ಪ್ರಾಣಿಯ ಕಾರ್ಡು ಒಳಗೆ ಹೋಯಿತು, ಹೊರಗೆ ಬಂತು. ಮತ್ತೆ ಹೋಯಿತು. ವಾಣಿ ಬಗ್ಗಿ ಒಳಗೆ ನೋಡಿದಳು, ಕಾರ್ಡಿನ ಅಡಿ ನೋಡಿದಳು, ಏನಾಗಿದೆ ಅಂತ ಅವಳಿಗೆ ತಿಳಿಯಿತು. ತಿಳಿದರೂ ಕಾರ್ಡನ್ನು ಇನ್ನೊಮ್ಮೆ ಸೆರಗಿನಿಂದ ಒರೆಸಿದಳು.

ಒತ್ತು ಅಂದಳು ಚೆಲ್ಲಮ್ಮ. ಒತ್ತಮ್ಮ, ಮುರಿದೇನೂ ಹೋಗಲ್ಲ ಅಂದ ಹನುಮಂತರಾಯಪ್ಪ. ಗಂಡಿನ ಕಡೆಯ ಒಬ್ಬ ಹಿರಿಯರು, ಉಲ್ಟಾ ಹಿಡಿದಿರಬಹುದು ಅಂತ ಸೂಚಿಸಿದರು. ಅಶ್ವತ್ಥ್ ಎದ್ದು ಬಂದು ಮದುಮಗಳ ಪಕ್ಕ ನಿಂತು ಟಾರ್ಚು ಹಿಡಿದ. ಅವನಿಗೂ ಗೊತ್ತಾಯಿತು, ಟಾರ್ಚನ್ನು ಮಾತ್ರ ಇನ್ನಷ್ಟು ಹತ್ತಿರ ಹಿಡಿದ.

"ಇದು ಇದಕ್ಕೆ ಕೂರಲ್ಲ ದೊಡ್ಡತ್ತೆ," ಅಂದಳು ವಾಣಿ ಕೊನೆಗೆ. "ಇದಕ್ಕೆ ಬೇಕಾದ ಜಾಗವೇ ಇದರಲ್ಲಿಲ್ಲ."

ಸಿದ್ದಲಕ್ಷ್ಮಮ್ಮ ಬಿಳಿ ಪೆಟ್ಟಿಗೆ ಬಿಚ್ಚಿ ಕಾರ್ಡು ಕೊಟ್ಟಳು. ಅದು ಟಕ್ ಅಂತ ಕೂತಿತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ವಾಣಿ ಅಂತಲೂ ಅಶ್ವತ್ಥ್ ಅಂತಲೂ ಹೆಸರುಗಳು ಗುಲಾಬಿ ಹೂವಿನ ನಡುವೆ ಒಂದನ್ನೊಂದು ಸುತ್ತಿದವು. ಮುರುಗನ ಕೆನ್ನೆ ಹಸುಗೂಸಿನ ಕೆನ್ನೆಯಾಗಿತ್ತು. ಜನ ಚಪ್ಪಾಳೆ ಹೊಡೆದರು. ಎರಡನೇ ಸಾಲಿನ ಮುದುಕ, ಅರ್ಧಾನೇ ಸಾಕಾಯ್ತು ನೋಡು ಅಂದ. ಚೆಲ್ಲಮ್ಮ ತನ್ನ ಬೆಳ್ಳಿ ತಟ್ಟೆಯ ಸೇಬುಗಳನ್ನು ಒಂದೊಂದಾಗಿ ಸರಿಮಾಡಿ ಇಡುತ್ತಿದ್ದಳು. ಅವು ಸರಿಯಾಗಿಯೇ ಇದ್ದವು. ಸಿದ್ದಲಕ್ಷ್ಮಮ್ಮ ಆ ರಾತ್ರಿ ಹಾಸಿಗೆ ಇಲ್ಲದ ಮಂಟಪದ ನೆಲದ ಮೇಲೆ ರಾಜಕುಮಾರಿಯಂತೆ ಮಲಗಿದಳು.

ಬೆಳಗ್ಗೆ ನಾದಸ್ವರ ಶುರುವಾಗುವ ಹೊತ್ತಿಗೆ ಮಂಟಪದ ಮುಂದೆ ಒಂದು ಮಾರುತಿ ವ್ಯಾನು ನಿಂತಿತು. ಗುರುಚರಣ್ ಇಳಿದ. ಹಿಂದೆಯೇ ದೊಡ್ಡ ದೊಡ್ಡ ರಟ್ಟಿನ ಪೆಟ್ಟಿಗೆಗಳು ಇಳಿದವು. ಹಿಂದಿನ ಸಂಜೆ ಹನುಮಂತರಾಯಪ್ಪ ಎಸ್‌ಟಿಡಿ ಬೂತಿಗೆ ಹೋಗಿದ್ದು ಎಲ್ಲರೂ ನೋಡಿದ್ದರು, ಬೀಡಿಗೆ ಅಂದುಕೊಂಡಿದ್ದರು. ಮಶೀನಿಗೆ ಕಾರ್ಡು ಕೂರದಿದ್ದರೆ ಕಾರ್ಡಿಗೆ ಕೂರುವ ಮಶೀನು ತಂದರಾಯಿತು ಅಂತ ಚೆಲ್ಲಮ್ಮ ಅಂದಿದ್ದಳಂತೆ. ಹೊಸ ಡಬ್ಬ, ಹೊಸ ಪರದೆ, ಕೀಬೋರ್ಡು, ಇಲಿ, ಎರಡು ಸ್ಪೀಕರು. ಅಣ್ಣಾಮಲೈ ಇದನ್ನೆಲ್ಲ ಒಂದೊಂದಾಗಿ ಕೂಗುವಷ್ಟರಲ್ಲಿ ಅವನ ದನಿ ಎರಡು ಸಲ ಒಡೆಯಿತು. ಬೆಂಕಿ ಪ್ರಾಣಿಯ ಕಾರ್ಡು ಹೊಸ ಮಶೀನಿನಲ್ಲಿ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯಿತು. ಹಳೇ ಮಶೀನನ್ನು, ಅದರೊಳಗಿನ ನಾಲ್ಕು ಎಂಬಿಯ ಸಮೇತ, ಯಾರೋ ಎತ್ತಿ ಕುಂಬಳಕಾಯಿ ಇಟ್ಟಿದ್ದ ಕೋಣೆಗೆ ಸೇರಿಸಿದರು.

ಸಿದ್ದಲಕ್ಷ್ಮಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ತಾನು ಹೂಡಿದ ಸೇಡಿನಿಂದ ಓರಗಿತ್ತಿಯ ಕೈಯಿಂದ ಆ ವಂಶದಲ್ಲೇ ಕಾಣದಂಥ ಸೀರು ಹೊರಟಿತ್ತು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಅಷ್ಟರಲ್ಲಿ ಗುರುಚರಣ್ ಕೈ ಒರೆಸಿಕೊಳ್ಳುತ್ತ, ಒಳ್ಳೆಯ ಮನಸ್ಸಿನಿಂದಲೇ, ಚೆಲ್ಲಮ್ಮನ ಹತ್ತಿರ ಕ್ಷಮೆ ಕೇಳಿದ. ಅವತ್ತೇ ಫೋನ್ ಮಾಡಬೇಕು ಅಂತಿದ್ದೆ, ಇವರು ತಾವೇ ಹೇಳುತ್ತೇನೆ ಅಂದರು, ಅದಕ್ಕೆ ಬಿಟ್ಟೆ ಅಂತ ಸಿದ್ದಲಕ್ಷ್ಮಮ್ಮನ ಕಡೆ ತೋರಿಸಿದ. ಹತ್ತಿರವಿದ್ದವರೆಲ್ಲ ತಿರುಗಿದರು. ನಾದಿನಿ ತಿರುಗಿದಳು. ಮುಹೂರ್ತದ ಸೀರೆ ಉಟ್ಟು ಕೋಣೆಯ ಬಾಗಿಲಿಗೆ ಬಂದಿದ್ದ ವಾಣಿ ಅಲ್ಲೇ ನಿಂತಳು.

ಸಿಕ್ಕಿಬಿದ್ದೆ ಅನ್ನಿಸಬೇಕಿತ್ತು. ಸಿದ್ದಲಕ್ಷ್ಮಮ್ಮನಿಗೆ ಬದಲಾಗಿ ಎದೆ ಅರಳಿತು. ಸರಿ, ಗೊತ್ತಾಯಿತಲ್ಲ. ಈಗ ಬೈಯಲಿ.

ಚೆಲ್ಲಮ್ಮ ಬೈಯಲಿಲ್ಲ. ಅವಳನ್ನು ಒಮ್ಮೆ ನೋಡಿ, ಗುರುಚರಣ್‌ಗೆ ನಗುತ್ತ ಹೇಳಿದಳು: "ಮರ್ತಿರ್ತಾಳೆ ಬಿಡಿ ಸಾರ್, ಪಾಪ. ಹಳ್ಳಿಯೋಳು. ಎಂಬಿ ಗಿಂಬಿ ಅವ್ಳ ತಲೇಲಿ ಎಲ್ಲಿ ನಿಲ್ತೈತೆ."

ಕೇಡು ಬಗೆಯುವಷ್ಟು ಬುದ್ಧಿಯೂ ನಿನಗಿಲ್ಲ ಅಂತ ಒಬ್ಬಳನ್ನು ಮಂಟಪದ ನಡುವೆ ಖುಲಾಸೆ ಮಾಡುವುದು ಹೀಗೆ. ಸುತ್ತಲಿದ್ದವರ ಮುಖದಲ್ಲಿ ಸಮಾಧಾನ ಕಂಡಿತು. ನಾದಿನಿ ಉಸಿರು ಬಿಟ್ಟಳು. ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು, ಸಿದ್ದಲಕ್ಷ್ಮಮ್ಮನ ಮಾನವೂ ಉಳಿಯುತ್ತಿತ್ತು. ನಂಜಪ್ಪ ದೂರದಿಂದಲೇ ಕಣ್ಣಲ್ಲಿ ಬೇಡ, ಬೇಡ ಅನ್ನುತ್ತಿದ್ದ.

ಅವಳು ಕಂಬ ಬಿಟ್ಟು ಬಂದು ಚೆಲ್ಲಮ್ಮನ ಎದುರಿಗೆ ನಿಂತಳು.

"ಮರೀಲಿಲ್ಲ ಅಕ್ಕ," ಅಂದಳು. ದನಿ ಏರಲಿಲ್ಲ. "ಅವ್ರು ಫೋನ್ ಎತ್ತಿದ್ರು, ನಾನೇ ಕೈ ಇಟ್ಟೆ. ಬಸ್ನಾಗೆ ಇವ್ರು ಏಳು ಅಂದ್ರು, ಏಳ್ಲಿಲ್ಲ. ಮಶೀನ್ ಬಾಗ್ಲಾಗೆ ಇಕ್ಸಿದ್ದೂ ನಾನೇ. ಎಂಟು ಎಂಬಿ, ನಾಲ್ಕು ಎಂಬಿ, ಅಲ್ಲು ಎಲ್ಲಿ ಕೂರ್ತೈತೆ, ಎಲ್ಲ ತಲೇಲಿ ನಿಂತೈತೆ ನಂಗೆ."

ನಾದಸ್ವರದವನೊಬ್ಬ ಅದೇ ಹೊತ್ತಿಗೆ ಉಸಿರು ತೆಗೆದುಕೊಂಡದ್ದರಿಂದ ಮಾತು ಅಡುಗೆಯವರವರೆಗೂ ಕೇಳಿಸಿತು. ಹನುಮಂತರಾಯಪ್ಪ ತಮ್ಮನ ಕಡೆ ನೋಡಿದ. ತಮ್ಮ ಚಪ್ಪರದ ಕಡೆ ನೋಡಿದ. ಬರುವ ಸುಗ್ಗಿಗೆ ಮರಗೆಣಸನ್ನು ಬೇರೆ ಮಿಲ್ಲಿಗೆ ಹಾಕಬೇಕಾಗುತ್ತದೆ ಅಂತ ನಂಜಪ್ಪನಿಗೆ ಆಗಲೇ ಹೊಳೆದಿತ್ತು. ವಾಣಿ ಚಿಕ್ಕತ್ತೆಯನ್ನು ದಿಟ್ಟಿಸಿದಳು. ನಿನ್ನೆ ಸಂಜೆ ಗಂಡನ ಮನೆಯವರೆದುರು ಸ್ಕ್ರೂ ಡ್ರೈವರ್ ಹಿಡಿದು ಬೆವೆತದ್ದು ಯಾರಿಗಾಗಿ ಅಂತ ಅವಳಿಗೆ ಅರ್ಥವಾದ ಹಾಗಿತ್ತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದೊಂದು ಸಿದ್ದಲಕ್ಷ್ಮಮ್ಮನಿಗೆ ಚುಚ್ಚಿತು. ಅದಕ್ಕೆ ಬೇರೆ ದಿನ ಅಳಬಹುದು ಅಂದುಕೊಂಡಳು.

ಯಾಕೆಂದರೆ ಈಗ ಚೆಲ್ಲಮ್ಮನ ಮುಖವನ್ನು ಬಿಟ್ಟು ಬೇರೆ ಕಡೆ ನೋಡುವ ಹಾಗಿರಲಿಲ್ಲ. ಅಲ್ಲಿದ್ದ ನಗು ಹೋಗಿತ್ತು, ಕರುಣೆ ಹೋಗಿತ್ತು. ಮನೆಗೆ ಸೊಸೆಯಾಗಿ ಬಂದಾಗಿನಿಂದ ಚೆಲ್ಲಮ್ಮ ಅವಳನ್ನು ಮರಗೆಣಸಿನ ಮೂಟೆಯ ಹಿಂದೆ ನಿಂತ ಹೆಂಗಸು ಅನ್ನುವಂತೆ ನೋಡಿದ್ದಳೇ ಹೊರತು, ಹೀಗೆ ಕಣ್ಣು ಕಿರಿದು ಮಾಡಿ, ಅಳೆದು, ಸ್ವಲ್ಪ ಹೆದರಿ ಎಂದೂ ನೋಡಿರಲಿಲ್ಲ.

"ಬುದ್ಧಿವಂತೆ ನೀನು," ಅಂದಳು ಚೆಲ್ಲಮ್ಮ. ಪ್ರತಿ ಅಕ್ಷರವನ್ನೂ ಬೇರೆ ಬೇರೆಯಾಗಿ ಇಟ್ಟು ಅಂದಳು. "ಇರ್ಲಿ. ನೋಡ್ಕೋತೀನಿ."

"ನೋಡ್ಕೋ ಅಕ್ಕ."

ತಾಳಿ ಕಟ್ಟಿದ್ದಾಯಿತು, ಅಕ್ಷತೆ ಹಾಕಿದ್ದಾಯಿತು. ಊಟದ ಮೊದಲ ಪಂಕ್ತಿಯಲ್ಲಿ, ಬೇರೆ ಎಲ್ಲೂ ಜಾಗವಿಲ್ಲದೆ, ಓರಗಿತ್ತಿಯರು ಅಕ್ಕಪಕ್ಕದ ಎಲೆಗೇ ಕೂರಬೇಕಾಯಿತು. ಇಷ್ಟು ವರ್ಷ ಒಬ್ಬಳೇ ಮೇವು ನೀರು ಹಾಕಿ ಸಾಕಿದ ಹಗೆಗೆ ಇವತ್ತಿನಿಂದ ಇನ್ನೊಬ್ಬಳೂ ಮೇವು ತರುತ್ತಾಳೆ. ಆ ನೆಮ್ಮದಿಗೆ ಸಿದ್ದಲಕ್ಷ್ಮಮ್ಮನಿಗೆ ಹಸಿವು ಕೆರಳಿತ್ತು. ಬಡಿಸುವವನು ಪಾಯಸದ ಬಕೆಟ್ಟು ಹಿಡಿದು ಎರಡನೇ ಸಲ ಬಂದಾಗ ದೊನ್ನೆ ಮುಂದಕ್ಕೆ ಚಾಚಿದಳು.

"ನಂಗಿಷ್ಟು ಆಕಪ್ಪ," ಅಂದಳು. "ಅಕ್ಕಂಗೂ ಆಕು. ಏನೂ ತಿಂದಿಲ್ಲ ಅವ್ಳು."